ಹಿಂದುಮುಖದ ಹುಳ

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ನಾನು ಒಂದು ಸಂಶೋಧನಾ ಕಚೇರಿಗೆ ದಿನಗೂಲಿಯ ಮೇಲೆ ಹುಳ ಹಿಡಿಯುತ್ತಿದ್ದೆ. ಉಚ್ಚಂಗೆಪ್ಪ ಎಂಬ ಒಳ್ಳೆಯ ಹೆಸರಿದ್ದರೂ ಊರವರಿಗೆಲ್ಲ ಹುಳದಪ್ಪ. ಗಂಧದ ಮರದ ರೋಗವನ್ನು ಯಾವುದೋ ಜಿಗಿಹುಳ ಹರಡುತ್ತದೆಂದು ನಮ್ಮ ಸಾಹೇಬರ ಗುಮಾನಿ. "ಗಂಧದ ಮೇಲೇ ಸಿಕ್ಕ ಹುಳ, ಜೀವಂತ, ಶನಿವಾರದೊಳಗೆ ತಾ. ನಿನ್ನ ಕೆಲಸ ಕಾಯಂ ಮಾಡೋಕೆ ಬರೀತೀನಿ. ಇಲ್ಲಾಂದ್ರೆ ಸೋಮವಾರದಿಂದ ಬರಬೇಡ" ಎಂದಿದ್ದರು. ಹೆಂಡತಿ ಭೀಮಕ್ಕ ಕೆಲಸ ಕಾಯಂ ಆಯಿತೆಂದು ಆಗಲೇ ಓಣಿಗೆಲ್ಲ ಸಾರಿಬಿಟ್ಟಿದ್ದಳು.

ಶನಿವಾರ ಮಧ್ಯಾಹ್ನ, ನ್ಯಾಮತಿಯ ಆಚೆ ಗಾದ್ರಪ್ಪ ಎಂಬ ರೈತನ ಬೇಲಿಯಲ್ಲಿ ಆ ಹುಳ ಕಂಡಿತು. ಅಲ್ಲೊಂದು ಮರದ ಮೇಲೆ, ಅದು ಕಾಣದಿರಲೆಂದೇ, ಅವರೆ ಬಳ್ಳಿ ಹಬ್ಬಿಸಿದ್ದರು. ಸರಿಸಿ ನೋಡಿದರೆ ಒಳಗೆ ಗಂಧ. ತೊಗಟೆಯ ಮೇಲೆ ಕಿರುಬೆರಳ ಉಗುರಿನಷ್ಟು ಹುಳ, ಎರಡು ಕರಿ ಕಣ್ಣು, ಎರಡು ಮೀಸೆ. ಮುಖದೆದುರು ಗಾಜಿನ ಕೊಳವೆ ಹಿಡಿದೆ. ಅದು ಹಿಂದಕ್ಕೆ ಚಂಗನೆ ನೆಗೆದು ಬೇರೆ ಕೊಂಬೆಗೆ ಕೂತಿತು. ಎರಡನೆಯ ಸಲವೂ ಹಾಗೇ ಆಯಿತು.

"ಯಾರ್ರೀ ಅದು?"

ಗಾದ್ರಪ್ಪ ಕೊಡಲಿ ಹಿಡಿದು ನಿಂತಿದ್ದ. ಆಫೀಸಿನವರು ಕೊಟ್ಟ ನನ್ನ ಖಾಕಿ ಅಂಗಿ ನೋಡಿ ಫಾರೆಸ್ಟ್ ಗಾರ್ಡ್ ಅಂದುಕೊಂಡಿದ್ದಾನೆ. ಆಗ ನಮ್ಮ ಹೊಲದಲ್ಲೇ ಹುಟ್ಟಿದರೂ ಗಂಧ ಸರ್ಕಾರದ್ದು. ಕಳ್ಳರು ಕಡಿದರೆ ವಿಚಾರಣೆ ಹೊಲದವನಿಗೆ.

"ಅದು ಬೇವು ಸಾಮಿ."

"ಗಂಧನೇ ಐತಲ್ಲಣ್ಣ" ಎಂದುಬಿಟ್ಟೆ. ನನ್ನ ಬಾಯಿಗೆ ಬೆಂಕಿ ಬೀಳ.

"ಕಳ್ಳರು ಒಯ್ದ ಮರಕ್ಕೆ ನನ್ನ ತಮ್ಮ ಮೂರು ತಿಂಗಳು ಒಳಗಿದ್ದ! ನೀನು ಸರ್ಕಾರದ ಲೆಕ್ಕಕ್ಕೆ ಬರ್ಕಳಾದ್ರೊಳಗೆ ಈ ಮರಾನೇ ಇರಲ್ಲ" ಎಂದು ಕೊಡಲಿ ಎತ್ತಿದ.

ಒಂದು ಏಟು ಬಿದ್ದರೆ ಹುಳವೂ ಹೋಯಿತು, ಕೆಲಸವೂ ಹೋಯಿತು. ಹಿಂದುಮುಂದು ನೋಡದೆ ಮರವನ್ನು ತಬ್ಬಿಕೊಂಡೆ. "ನಾನು ಫಾರೆಸ್ಟಿನೋನಲ್ಲಣ್ಣ, ಹುಳ ಹಿಡಿಯಾಕೆ ಬಂದೋನು!"

ಕೂಗಾಟ ಕೇಳಿ ಅವನ ತಾಯಿ ಕಸ್ತೂರಮ್ಮ ಓಡಿಬಂದರು. ನನ್ನನ್ನು ನೋಡಿದರು, ಕೊಳವೆ ನೋಡಿದರು, ಹುಳ ನೋಡಿ ನಕ್ಕುಬಿಟ್ಟರು.

"ಬಿಡಲೇ ಗಾದ್ರ, ಗಾರ್ಡು ಆಗಿದ್ರೆ ಹುಳದ ಕುಂಡಿಗೆ ಗಾಜು ಹಿಡೀತಿದ್ನಾ? ಏನಪ್ಪಾ, ಅದು ಮುಖ ಅಲ್ಲ. ಅದು ಹಂಗೇ ಯಾಮಾರಿಸ್ತೈತೆ. ಅತ್ಲಾಗಿಂದ ಹಿಡಿ."

ಅತ್ತಲಿಂದ ಹಿಡಿದೆ. ಹುಳ ನೆಟ್ಟಗೆ ಕೊಳವೆಯೊಳಕ್ಕೇ ನೆಗೆಯಿತು. ಕೊಳವೆಯ ಬಾಯಿಗೆ ಹತ್ತಿ ತುರುಕಿದಾಗ ನನಗೆ ಅಳುವೇ ಬಂತು.

ಗಾದ್ರಪ್ಪ ಕೊಡಲಿ ಕೆಳಗಿಟ್ಟ. ಕಸ್ತೂರಮ್ಮ ಮಜ್ಜಿಗೆ ಕೊಟ್ಟರು. ಕುಡಿದು, ಕೊಳವೆಗೆ ಅಂಟಿಸುವ ಚೀಟಿ ತೆಗೆದು ಊರು, ತಾರೀಖು ಬರೆದೆ.

"ಇನ್ನೇನು ಬರೀಬೇಕಪ್ಪಾ?" ಗಾದ್ರಪ್ಪ ಕೇಳಿದ.

"ಮರದ ಹೆಸರು."

ಅವನು ಅಲ್ಲೇ ಕುಸಿದು ಕೂತ. "ಬರೆದ್ರೆ ಸರ್ಕಾರಕ್ಕೆ ಗೊತ್ತಾದಂಗೇ ಅಲ್ವಾ?"

ಕಸ್ತೂರಮ್ಮ ಈಗ ನಗುತ್ತಿರಲಿಲ್ಲ. ಪೆನ್ಸಿಲ್ ತುದಿಯನ್ನು ನಾಲಿಗೆಗೆ ಒತ್ತಿದೆ. ಮರದ ಹೆಸರು ಬರೆದೆ.

ಸಂಜೆ ಸಾಹೇಬರು ಕೊಳವೆಯನ್ನು ಬೆಳಕಿಗೆ ಹಿಡಿದು "ಭೇಷ್!" ಎಂದರು. ಚೀಟಿ ಓದಿ ಮುಖ ಗಂಟು ಹಾಕಿಕೊಂಡರು.

"ಬೇವಿನ ಮೇಲಿನವು ನನ್ನ ಹತ್ರ ಇಪ್ಪತ್ತಿವೆ. ನಿಜ ಹೇಳು ಉಚ್ಚಂಗೆಪ್ಪ, ಅದು ಬೇವೇನಾ?"

ಹುಳ ತನ್ನ ಸುಳ್ಳು ಮುಖ ತಿರುಗಿಸಿ ನನ್ನನ್ನೇ ನೋಡುತ್ತಿತ್ತು.

"ಬೇವೇ ಸಾರ್" ಎಂದೆ.

ಸೋಮವಾರ ಖಾಕಿ ಅಂಗಿಯನ್ನು ಒಗೆದು, ಮಡಿಚಿ, ಆಫೀಸಿಗೆ ವಾಪಸ್ ಕೊಟ್ಟು ಬಂದೆ.