ಹಾರದ ಹಿಂಬದಿ

"ನೀಲಿ ಬೇಡ," ಎಂದರು ಸುಬ್ಬರಾಯಪ್ಪ. "ಒಂದೇ ಒಂದು ನೋಟೂ ಬೇಡ. ಅದೊಂದು ಬಿಟ್ಟು ಏನ್ ಬೇಕಾದ್ರೂ ಹಾಕಮ್ಮ."

ಸುನಂದ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. ಮುಳಬಾಗಿಲಿನ ಬಸ್ ನಿಲ್ದಾಣದ ಎದುರಿನ ಈ ಪುಟ್ಟ ಅಂಗಡಿಯಲ್ಲಿ ಕುಳಿತು ಮದುವೆಗೆ, ಸನ್ಮಾನಕ್ಕೆ ನೋಟಿನ ಹಾರ ಕಟ್ಟಿಕೊಡುವುದು ಅವಳ ಕೆಲಸ. ಅಂಗಡಿಯ ಕಟ್ಟಡ ಸುಬ್ಬರಾಯಪ್ಪನವರದು. ಅವರ ಊರು ತಾಯಲೂರಿನ ಆಚೆ. ಆ ಕಡೆ ಯಾರ ಮನೆಯಲ್ಲಿ ಮದುವೆಯಾದರೂ ಹಾರಕ್ಕೆ ಸುನಂದಳ ಹತ್ತಿರ ಹೋಗಿ ಎಂದು ಕಳಿಸುವವರೂ ಅವರೇ.

ಈ ಸಲದ ಹಾರ ಮದುವೆಯದಲ್ಲ. ಅವರ ಊರಿನ ಕಾಲೋನಿಯ ಹುಡುಗ ಶಿವಶಂಕರ್ ಸೈನ್ಯದಿಂದ ನಿವೃತ್ತನಾಗಿ ಭಾನುವಾರ ಬರುತ್ತಿದ್ದ. ಊರ ಬಾಗಿಲಿನ ಕಮಾನಿನ ಕೆಳಗೆ ನಿಲ್ಲಿಸಿ ಹಾರ ಹಾಕಬೇಕು, ಹಾರ ಬಾವುಟದ ಮೂರು ಬಣ್ಣದಲ್ಲಿರಬೇಕು ಎಂದು ಸುಬ್ಬರಾಯಪ್ಪನವರ ಆಸೆ.

ಕೇಳಿದ ಕೂಡಲೇ ಸುನಂದಳ ತಲೆ ಓಡತೊಡಗಿತ್ತು. ಕೇಸರಿಗೆ ಇನ್ನೂರರ ನೋಟು ಇದೆ. ಹಸಿರಿಗೆ ಇಪ್ಪತ್ತರದು; ಪೂರ್ತಿ ಹಸಿರಲ್ಲ, ಹಣ್ಣಾಗಲು ಹೊರಟ ಟೊಮೇಟೊದ ಬಣ್ಣ, ಆದರೆ ಕೇಸರಿಯ ಪಕ್ಕ ಇಟ್ಟರೆ ಹಸಿರೇ. ಬಿಳಿಗೆ ಮಾತ್ರ ನೋಟಿಲ್ಲ. ಯಾವ ನೋಟೂ ಬಿಳಿಯಲ್ಲ. ನೂರರ ನೋಟೊಂದನ್ನು ಹಾಗೆ ಮಡಚಿ ಹೀಗೆ ಮಡಚಿ ನೋಡಿದವಳಿಗೆ ಥಟ್ಟನೆ ಹೊಳೆದದ್ದು ಅದರ ಒಂದು ಬದಿಯ ಖಾಲಿ ಜಾಗ. ಬೆಳಕಿಗೆ ಹಿಡಿದರೆ ಮಾತ್ರ ಗಾಂಧಿಯ ಮುಖ ಮೂಡುವ ಜಾಗ ಅದು. ಅದೊಂದೇ ಮೇಲೆ ಬರುವಂತೆ ಮಡಚಿದರೆ ಬೂದಿ ಬಳಿದಂಥ ತಿಳಿ ಬಿಳುಪು. ಅವಳು ಖುಷಿಯಿಂದ ಅದನ್ನು ಎತ್ತಿ ತೋರಿಸುವಷ್ಟರಲ್ಲಿ ಸುಬ್ಬರಾಯಪ್ಪ ನೀಲಿಯ ಮಾತು ತೆಗೆದಿದ್ದರು.

"ಹಂಗಂದ್ರೆ ಚಕ್ರ ಹೆಂಗ್ ಮಾಡ್ಲಿ ಅಣ್ಣಾ? ಪದಕದಾಗೆ ಚಕ್ರ ಬರ್ಬೇಕಲ್ಲ. ಐವತ್ತರ ನೋಟೇ ಅದಕ್ಕೆ ಸರಿ. ಹಿಂದ್ಗಡೆ ನಮ್ಮ ಹಂಪಿ ಕಲ್ಲಿನ ರಥ ಬೇರೆ ಐತೆ."

"ರಥ ಯಾರ್ ನೋಡ್ತಾರಮ್ಮ? ದೂರದಿಂದ ಕಾಣೋದು ಬಣ್ಣಾನೇ." ಅವರು ಬೆಂಚಿನ ಮೇಲೆ ಸರಿದು ಕುಳಿತರು. "ಹೋದ್ ವರ್ಷ ಕಾಲೋನಿಯೋರು ಆ ಕಮಾನಿಗೆ ನೀಲಿ ಬಾವುಟ ಕಟ್ಟಿದ್ರು. ನಮ್ಮ ಹುಡುಗ್ರು ಕಿತ್ತಾಕಿದ್ರು. ಊರಾಗೆ ಪೊಲೀಸ್ ವ್ಯಾನ್ ಬಂದು ನಿಂತಿತ್ತು, ಗೊತ್ತಲ್ಲ? ಆ ಹುಡುಗನ ಮೇಲೆ ನಂಗೇನೂ ಇಲ್ಲ. ಹಾರ ಹಾಕೋನೇ ನಾನು. ಆದ್ರೆ ನನ್ ಕೈಯಾಗೆ ಆ ಬಣ್ಣ ಕಂಡ್ರೆ ನಮ್ಮೋರು ನನ್ನ ಬಿಡ್ತಾರಾ? ಐನೂರರದು ಹಾಕು. ಅದ್ರ ಹಿಂದೆ ಕೆಂಪುಕೋಟೆ ಐತೆ, ಕೋಟೆ ಮೇಲೆ ಬಾವುಟಾನೂ ಐತೆ. ಅದಕ್ಕಿಂತ ದೇಶ ಇನ್ನೇನ್ ಬೇಕು?"

"ಐನೂರು ಬೂದಿ ಬಣ್ಣ ಅಣ್ಣಾ. ಚಕ್ರದ ಥರ ಕಾಣಲ್ಲ, ಬೀಸೋ ಕಲ್ಲಿನ ಥರ ಕಾಣ್ತದೆ."

"ಕಂಡ್ರೆ ಕಾಣ್ಲಿ." ಎದ್ದು ಪಂಚೆ ಕೊಡವಿಕೊಂಡರು. ಬಾಗಿಲಲ್ಲಿ ನಿಂತು ಮೇಲಿನ ಗೋಡೆಯ ಬಿರುಕನ್ನು ನೋಡಿ, "ಮಳೆಗಾಲಕ್ಕೆ ಮುಂಚೆ ಇದನ್ನ ಮುಚ್ಚಿಸ್ಬೇಕು. ನೀನ್ ಇರ್ತೀಯಲ್ಲ ಇಲ್ಲೇ?" ಎಂದು ನಕ್ಕರು.

ಮರುದಿನ ಮಧ್ಯಾಹ್ನ ತಾಯಲೂರಿನ ಬಸ್ಸಿಳಿದು ಒಬ್ಬ ವಯಸ್ಸಾದ ಹೆಂಗಸು ನೇರ ಅಂಗಡಿಗೆ ಬಂದಳು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಳು.

"ನಾನು ಮುನಿಲಕ್ಷ್ಮಿ ಅಂತ. ಶಿವನ ತಾಯಿ."

ಸುನಂದ ಎದ್ದು ಸ್ಟೂಲು ಎಳೆದು ಕೂರಿಸಿದಳು. ಮುನಿಲಕ್ಷ್ಮಿ ಸೊಂಟದ ಚೀಲದಿಂದ ಒಂದು ಪೌಡರ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಸುರುಳಿ ಸುತ್ತಿದ ಐವತ್ತರ ನೋಟುಗಳು. ಎಲ್ಲವೂ ಹೊಸವು, ಮಡಿಕೆ ಕಾಣದವು, ನವಿಲಿನ ಕತ್ತಿನಷ್ಟು ನೀಲಿ.

"ಶಿವ ದುಡ್ಡು ಕಳ್ಸಿದಾಗೆಲ್ಲ ಬ್ಯಾಂಕ್ನಾಗೆ ಕೇಳಿ ಒಂದು ಹೊಸ ಐವತ್ತು ಇಸ್ಕೊಂತಿದ್ದೆ ಕಣಮ್ಮ. ಬ್ಯಾಂಕಿನ ಅಪ್ಪ ಬೈಯ್ಯೋನು, 'ಏಮಮ್ಮಾ, ಇದೊಂದೇ ಯಾಕೆ ಬೇಕು ನಿಂಗೆ' ಅಂತ. ನಾನ್ ಓದಿಲ್ಲ. ಬೇರೆ ನೋಟೆಲ್ಲ ತಿರುಗಿಸಿ ಮುರುಗಿಸಿ ನೋಡ್ಬೇಕು. ಇದು ಮಾತ್ರ ದೂರದಿಂದ್ಲೇ ನಮ್ದು ಅನ್ನಿಸ್ತದೆ."

ಸುನಂದ ಸುರುಳಿ ಬಿಚ್ಚಿ ನೋಟುಗಳನ್ನು ಎಣಿಸಿದಳು.

"ತಾಯಿ ಕೊಟ್ಟ ನೋಟು ಪದಕಕ್ಕೇ ಹಾಕ್ತಾರಂತಲ್ಲ, ನಿಜಾನಾ?"

ನಿಜ. ಈ ಕಸುಬಿನಲ್ಲಿ ಅದೊಂದು ಪದ್ಧತಿ. ಮದುಮಗನ ಹಾರಕ್ಕೆ ಯಾರು ಎಷ್ಟೇ ಕೊಡಲಿ, ತಾಯಿಯ ಕೈಯಿಂದ ಬಂದ ನೋಟು ಎದೆಯ ಮೇಲಿನ ಪದಕಕ್ಕೇ ಹೋಗಬೇಕು. ಹುತ್ತೂರಿನಲ್ಲಿ ಅತ್ತೆಯ ಹತ್ತಿರ ಹಾರ ಕಟ್ಟಲು ಕಲಿಯುವಾಗ ಸುನಂದ ಮೊದಲು ಕಲಿತದ್ದೇ ಅದು. ನೋಟಿಗೆ ಪಿನ್ನು ಚುಚ್ಚಬಾರದು ಎನ್ನುವುದು ಆಮೇಲೆ.

"ಹೌದಮ್ಮ," ಎಂದಳು.

"ಅಷ್ಟೇ ಕಣಮ್ಮ ನಂಗೆ ಬೇಕಾಗಿದ್ದು." ಡಬ್ಬಿಯನ್ನು ಅಲ್ಲೇ ಬಿಟ್ಟು, ಚಹಾ ಕೂಡ ಬೇಡವೆಂದು ಮುನಿಲಕ್ಷ್ಮಿ ಬಸ್ಸಿಗೆ ಓಡಿದಳು.

ಜಗಲಿಯ ಮೇಲೆ ಹೂವು ಮಾರುವ ಗಂಗಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹೇಳ್ಬಿಡೋದಲ್ವೇನೇ, ಯಜಮಾನ್ರು ಬೇಡ ಅಂದವ್ರೆ ಅಂತ?"

"ನೀನೇ ಓಡೋಗಿ ಹೇಳು. ಬಸ್ಸು ಇನ್ನೂ ಹೊರಟಿಲ್ಲ."

"ನಂಗೇನ್ ಹುಚ್ಚಾ? ನನ್ ಬುಟ್ಟಿನೂ ಅವ್ರ ಜಗಲಿ ಮೇಲೇ ಐತೆ."

ಎರಡು ದಿನ ಸುನಂದ ಹಾರವನ್ನಷ್ಟೇ ಕಟ್ಟಿದಳು, ಪದಕ ಮುಟ್ಟಲಿಲ್ಲ. ಬೀಸಣಿಗೆಯಂತೆ ಮಡಚಿದ ಇನ್ನೂರರ ಸಾಲು, ಅದರ ಕೆಳಗೆ ತಿಳಿ ಬಿಳುಪಿನ ಸಾಲು, ಅದರ ಕೆಳಗೆ ಇಪ್ಪತ್ತರದು. ಅವಳು ಕಟ್ಟಿದ ಹಾರಗಳಲ್ಲೇ ಇದು ಚೆಂದ ಎಂದು ಅವಳಿಗೇ ಗೊತ್ತಿತ್ತು. ಗಂಗಾ ಇಣುಕಿ ನೋಡಿ, "ಲೇ, ಇದನ್ನ ಕತ್ತಿಗೆ ಹಾಕೋದಲ್ಲ ಕಣೇ, ಕಂಬಕ್ಕೆ ಹಾರಿಸ್ಬೇಕು," ಅಂದಳು. ಆದರೆ ಪದಕದ ಜಾಗ ಖಾಲಿ. ಐನೂರರ ನೋಟುಗಳನ್ನು ದುಂಡಗೆ ಜೋಡಿಸಿ ನೋಡಿದರೆ ಬೀಸುಕಲ್ಲು. ಐವತ್ತನ್ನು ಜೋಡಿಸಿದರೆ ಇಡೀ ಹಾರಕ್ಕೆ ಜೀವ ಬಂದಂತಾಗುತ್ತಿತ್ತು. ತೆಗೆದು ಡಬ್ಬಿಗೆ ಹಾಕುವಳು. ಮತ್ತೆ ತೆಗೆಯುವಳು. ನೋಟು ವಾಪಸ್ಸು ಕೊಟ್ಟರೆ ಆ ತಾಯಿಗೆ ಏನು ಹೇಳುವುದು? ಹಾಕಿದರೆ ಅಂಗಡಿಯ ಗತಿ?

ಪದಕದ ಹಿಂದೆ ಯಾವಾಗಲೂ ಒಂದು ದುಂಡನೆಯ ರಟ್ಟು ಇರುತ್ತದೆ, ಗಾಳಿಗೆ ಅದು ಮಡಚಿಕೊಳ್ಳದಿರಲಿ ಎಂದು. ರಟ್ಟಿಗೆ ಚಿನ್ನದ ಬಣ್ಣದ ಕಾಗದ ಅಂಟಿಸುವುದು ವಾಡಿಕೆ. ಶನಿವಾರ ಸಂಜೆ ಸುನಂದ ಆ ಕಾಗದವನ್ನು ಪಕ್ಕಕ್ಕಿಟ್ಟಳು. ಮುಂದುಗಡೆ ಐನೂರರ ಬೂದಿ ಚಕ್ರ ಕಟ್ಟಿ, ಹಿಂದುಗಡೆ ಮುನಿಲಕ್ಷ್ಮಿಯ ಐವತ್ತುಗಳನ್ನು ಒಂದೊಂದಾಗಿ ಕಡ್ಡಿಯಂತೆ ಮಡಚಿ, ಸುತ್ತಲೂ ಜೋಡಿಸಿ ದಾರ ಬಿಗಿದಳು. ಕಣ್ಣು ಕುಕ್ಕುವಂಥ ಚಕ್ರ. ಅದು ಮಗನ ಎದೆಗೆ ಒತ್ತಿಕೊಂಡಿರುತ್ತದೆ, ಯಾರಿಗೂ ಕಾಣುವುದಿಲ್ಲ. ತಾಯಿಗೆ ಆಮೇಲೆ ಗುಟ್ಟಾಗಿ ಹೇಳಿದರಾಯಿತು. ಅಂದು ಅವಳು ನೆಮ್ಮದಿಯಾಗಿ ಊಟ ಮಾಡಿದಳು.

ಭಾನುವಾರ ಹಾರವನ್ನು ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ಅವಳೇ ಆ ಊರಿಗೆ ತಂದಳು. ಕಮಾನಿನ ಒಂದು ಕಡೆ ಊರಿನವರು, ಇನ್ನೊಂದು ಕಡೆ ಕಾಲೋನಿಯವರು. ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟಿದ್ದರು, ಯಾರೂ ಹೇಳದೆಯೇ. ಕಾಲೋನಿಯ ಹುಡುಗರು ಕತ್ತಿಗೆ ನೀಲಿ ಶಾಲು ಸುತ್ತಿಕೊಂಡು ಬಂದಿದ್ದರು. ಈ ಕಡೆಯವರು ಅದನ್ನು ನೋಡುತ್ತ ನಿಂತಿದ್ದರು. ತಮಟೆ ಬಡಿಯುತ್ತಿತ್ತು.

ತೆರೆದ ಜೀಪಿನಿಂದ ಶಿವಶಂಕರ್ ಇಳಿದ. ಸಮವಸ್ತ್ರ, ನರೆತ ಮೀಸೆ. ಸುಬ್ಬರಾಯಪ್ಪ ತಟ್ಟೆಯಿಂದ ಹಾರವೆತ್ತಿದಾಗ ಎರಡೂ ಕಡೆ ಒಂದೇ ಸಲ ಓ ಎಂಬ ಸದ್ದೆದ್ದಿತು. ಬಿಸಿಲಿಗೆ ಮೂರು ಬಣ್ಣವೂ ಮಿಂಚಿದವು. ಸುನಂದ ಕೊಟ್ಟ ಹಾಗೆಯೇ ಬೂದಿ ಚಕ್ರ ಹೊರಗಾಗಿ ಹಾರ ಅವನ ಕತ್ತಿಗೆ ಬಿತ್ತು. ಚಪ್ಪಾಳೆ. ಶಾಲಿನ ಹುಡುಗರೂ ತಟ್ಟಿದರು. ಸುಬ್ಬರಾಯಪ್ಪ ಸುನಂದಳನ್ನು ಹುಡುಕಿ ನೋಡಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು. ಅವಳು ತಟ್ಟೆಯ ಬಟ್ಟೆಯನ್ನು ಮಡಚತೊಡಗಿದಳು.

ಆಗ ಶಿವಶಂಕರ್ ತಾಯಿಯ ಕಡೆ ತಿರುಗಿದ. ಬಗ್ಗಿ ಕಾಲು ಮುಟ್ಟಿದ. ಎದ್ದವನು ಎರಡೂ ಕೈಯಿಂದ ಹಾರವನ್ನು ತಲೆಯ ಮೇಲಿಂದ ತೆಗೆದ.

ಸುನಂದ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. ತಮಗೆ ಬಿದ್ದ ಹಾರವನ್ನು ತೆಗೆದು ತಾಯಿಗೆ ಹಾಕುವುದು, ಮಕ್ಕಳು ಇದನ್ನು ಮಾಡುತ್ತಾರೆ. ಪ್ರತಿ ಸನ್ಮಾನದಲ್ಲೂ ಮಾಡುತ್ತಾರೆ. ಹೂವಿನ ಹಾರಕ್ಕೆ ಹಿಂದು ಮುಂದು ಇಲ್ಲ. ಚಿನ್ನದ ಕಾಗದ ಕಂಡರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ತನ್ನ ಎದೆಯ ಮೇಲಿದ್ದ ಹಾರವನ್ನು ಎದುರಿಗೆ ನಿಂತವರಿಗೆ ಹಾಗೇ ಹಾಕಿದರೆ ಒಳಮೈ ಹೊರಗೆ ಬರುತ್ತದೆ. ಇಷ್ಟು ವರ್ಷ ಹಾರ ಕಟ್ಟಿದವಳು, ಇದೊಂದನ್ನೇ ಮರೆತಿದ್ದಳು.

ಹಾರ ಮುನಿಲಕ್ಷ್ಮಿಯ ಕತ್ತಿಗೆ ಇಳಿಯಿತು. ಅವಳ ಮಾಸಿದ ಸೀರೆಯ ಮೇಲೆ, ಎದೆಯ ನಡುವೆ, ನೀಲಿ ಚಕ್ರ.

ಶಾಲಿನ ಹುಡುಗರಲ್ಲಿ ಒಬ್ಬ ಶಿಳ್ಳೆ ಹಾಕಿದ. ಊರಿನವರಲ್ಲಿ ಯಾರೋ, "ಏನಿದು ಯಜಮಾನ್ರೇ, ನೀವೇ ಕಟ್ಟಿಸಿದ್ರಾ?" ಎಂದರು. ತಮಟೆ ನಿಂತಿತು. ಸುಬ್ಬರಾಯಪ್ಪ ಈಗ ಸುನಂದಳನ್ನು ನೋಡಿದ ರೀತಿಯೇ ಬೇರೆ. ಆಮೇಲೆ ಗಂಟಲು ಸರಿಮಾಡಿಕೊಂಡು ಮೆಲ್ಲಗೆ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಶಿವಾ, ಹಾರ ಹಿಂದುಮುಂದಾಗೈತೆ ನೋಡಪ್ಪ. ಸರಿ ಮಾಡು. ಫೋಟೋ ತೆಗೀಬೇಕು."

"ಅಮ್ಮ, ಇರು," ಎಂದು ಶಿವಶಂಕರ್ ಕೈಚಾಚಿದ.

ಮುನಿಲಕ್ಷ್ಮಿ ಅದುವರೆಗೂ ಮಗನ ಮುಖ ಬಿಟ್ಟು ಬೇರೇನೂ ನೋಡಿರಲಿಲ್ಲ. ಈಗ ತಲೆ ತಗ್ಗಿಸಿ ನೋಡಿಕೊಂಡಳು. ಅವಳ ಹೆಬ್ಬೆರಳು ಒಂದು ನೋಟಿನ ಅಂಚನ್ನು ಸವರಿತು. ಮಗನ ಕೈ ಹತ್ತಿರ ಬಂತು. ಅವಳು ಎರಡೂ ಅಂಗೈಯನ್ನು ಪದಕದ ಮೇಲೆ ಒತ್ತಿ ಹಿಡಿದಳು. ಮಗ ಕೈಯನ್ನು ಹಾಗೇ ತಡೆದು ನಿಂತ. ಕೆರೆಯ ಕಡೆಯಿಂದ ಬಂದ ಗಾಳಿಗೆ ಹಾರದ ನೋಟುಗಳೆಲ್ಲ ಪಟಪಟ ಬಡಿದುಕೊಳ್ಳುತ್ತಿದ್ದವು. ಅವಳ ಅಂಗೈ ಕೆಳಗಿನದು ಮಾತ್ರ ಅಲುಗಲಿಲ್ಲ, ಬೆರಳುಗಳ ಸಂದಿಯಲ್ಲಿ ಅಲ್ಲಲ್ಲಿ ನೀಲಿ ಕಾಣುತ್ತಿತ್ತು.