ಇಪ್ಪತ್ತನೆಯವನು

"ತಲೆ ಕಡೆ ಸ್ವಲ್ಪ ಮೇಲೆತ್ತಿ. ಇನ್ನೂ ಸ್ವಲ್ಪ. ಹಾಂ, ಈಗ ಓರೆ ಮಾಡಿ. ಗೋಡೆಗೆ ತಾಗಿಸ್ಬೇಡಿ."

ಕೆಳಗಿನ ಮೆಟ್ಟಿಲ ಮೇಲೆ ಹಿಮ್ಮುಖವಾಗಿ ನಿಂತು ತಮ್ಮ ಹೇಳುತ್ತಿದ್ದ. ಗಿರಣಿ ಕಾರ್ಮಿಕರಿಗೆಂದು ಕಟ್ಟಿದ ಆ ಹಳೆಯ ಕಟ್ಟಡದ ಮೆಟ್ಟಿಲು ಅರ್ಧಕ್ಕೆ ಬಂದು ಗಕ್ಕನೆ ತಿರುಗುತ್ತದೆ. ಆ ತಿರುವಿನಲ್ಲಿ ಅಣ್ಣನ ಚಟ್ಟ ಸಿಕ್ಕಿಕೊಂಡಿತ್ತು. ಅಣ್ಣ ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚೇ ಇದ್ದ ಮನುಷ್ಯ.

ಅಣ್ಣ ತಮ್ಮ ಇಬ್ಬರೂ ಗಿರಣಿಯಲ್ಲಿ ಫಿಟ್ಟರುಗಳಾಗಿದ್ದವರು. ಕೆಟ್ಟ ಮಗ್ಗಗಳನ್ನು ಇದಕ್ಕಿಂತ ಇಕ್ಕಟ್ಟಾದ ಬಾಗಿಲುಗಳಲ್ಲಿ ಹೊರಸಾಗಿಸಿದವರು. ಆಗೆಲ್ಲ ಮೇಲಿನ ತುದಿ ಅಣ್ಣನದು, ಕೆಳಗಿನ ತುದಿ ತಮ್ಮನದು. ಮಾತೇ ಬೇಕಾಗುತ್ತಿರಲಿಲ್ಲ.

ಚಟ್ಟ ತಿರುವು ದಾಟಿತು. ಬೀದಿಗೆ ಬಂದ ತಮ್ಮ ತಲೆಯೆತ್ತಿ ನೋಡಿದರೆ, ಹೆಂಗಸರು ಸಾಲಾಗಿ ನಿಂತಿದ್ದರು. ಹದಿನೈದಿಪ್ಪತ್ತು ಜನ. ಕೆಲವರು ಅತ್ತು ಕಣ್ಣು ಊದಿಸಿಕೊಂಡಿದ್ದರು.

"ಯಾರಮ್ಮ ಇವರೆಲ್ಲ?" ಎಂದು ಮಗಳನ್ನು ಕೇಳಿದ.

"ದೊಡ್ಡಪ್ಪನ ಕ್ಲಾಸಿನೋರು," ಎಂದಳು ಮಗಳು.

ಮುಖ ತಿರುಗಿಸಿಕೊಂಡು ತಮ್ಮ ಚಟ್ಟಕ್ಕೆ ಹೆಗಲು ಕೊಟ್ಟ.

*

ಒಂಬತ್ತು ವರ್ಷದ ಹಿಂದೆ ಗಿರಣಿ ಮುಚ್ಚಿತು. ಊರಿನ ಅರ್ಧ ಮನೆಗಳಿಗೆ ಬೀಗ ಬಿತ್ತು, ಶಾಲೆಯಲ್ಲಿ ಎರಡು ತರಗತಿಗಳನ್ನು ಒಂದೇ ಕೋಣೆಗೆ ತುಂಬಿದರು. ಸರ್ಕಾರ ಯಾವುದೋ ಪಟ್ಟಿ ಮಾಡಿ, ಕುಸಿಯುತ್ತಿರುವ ಊರುಗಳಲ್ಲಿ ಇದೂ ಒಂದು ಎಂದು ಬರೆದುಕೊಂಡಿತು. ಅದೇ ವರ್ಷ ಗಿರಣಿಯ ಕ್ಯಾಂಟೀನಿಗೆ ಸುಣ್ಣ ಬಳಿಸಿ, ಹೊಲಿಗೆ ಯಂತ್ರಗಳನ್ನಿಟ್ಟು, ತರಬೇತಿ ಕೇಂದ್ರ ಎಂಬ ಬೋರ್ಡು ಹಾಕಿತು.

"ಗಿರಣಿ ಕಿತ್ಕೊಂಡು ಸೂಜಿ ಕೊಟ್ರು," ಎಂದು ತಮ್ಮ ಅತ್ತ ಕಾಲೂ ಇಡಲಿಲ್ಲ. ಹದಿನೇಳರ ಮಗಳು ಹಟ ಹಿಡಿದು ಸೇರಿದ್ದಕ್ಕೆ ವಾರವಿಡೀ ಗುರುಗುಟ್ಟಿದ. ಹತ್ತು ದಿನ ಕಳೆದು ಐವತ್ತೇಳರ ಅಣ್ಣನೂ ಅಲ್ಲಿ ಸೇರಿದನೆಂಬ ಸುದ್ದಿ ಬಂತು.

ಆ ಸಂಜೆ ಟೀ ಅಂಗಡಿಯಲ್ಲಿ ಗಿರಣಿಯ ಹಳೆಯ ಗೆಳೆಯರೆಲ್ಲ ಇದ್ದರು. ಅಣ್ಣ ಒಳಗೆ ಬರುತ್ತಿದ್ದಂತೆ ತಮ್ಮ ಎಲ್ಲರಿಗೂ ಕೇಳುವಂತೆ ಅಂದ: "ನೋಡಿ ನಮ್ಮಣ್ಣನ್ನ. ಈ ವಯಸ್ಸಲ್ಲಿ ಹೆಂಗಸರ ಅಳತೆ ತಗೊಳ್ಳೋ ಆಸೆ ಬಂದಿದೆ."

ಅಂಗಡಿ ಘೊಳ್ಳೆಂದಿತು. ಅಣ್ಣ ಕೈಗೆತ್ತಿಕೊಂಡಿದ್ದ ಲೋಟವನ್ನು ಹಾಗೇ ಕೆಳಗಿಟ್ಟ. ಒಮ್ಮೆ ತಮ್ಮನನ್ನು ನೋಡಿ ಹೊರಟುಹೋದ.

ಮೇಲಿನ ಮನೆ ಅಣ್ಣನದು, ಕೆಳಗಿನದು ತಮ್ಮನದು. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು, ಅಷ್ಟೆ. ಮೊದಲು ತಾನೇ ಮಾತಾಡಬೇಕೆಂದು ತಮ್ಮನಿಗೆ ಅನಿಸದೇ ಇರಲಿಲ್ಲ. ನಾಳೆ, ಬರುವ ವಾರ, ಮಗಳಿಗೆ ಕೆಲಸ ಸಿಕ್ಕ ದಿನ, ಹೀಗೆ ಒಂಬತ್ತು ವರ್ಷ ಜಾರಿತು.

*

ಮಣ್ಣು ಮುಚ್ಚಿದ ಮೇಲೆ ಜನ ಚೆದುರಿದರು. ಒಂದು ಮರದ ಬುಡದಲ್ಲಿ ತಮ್ಮ ಕೂತಿದ್ದ. ಕೇಂದ್ರದ ಟೀಚರು, ಕನ್ನಡಕ ಹಾಕಿದ ತೆಳ್ಳನೆಯ ಹೆಂಗಸು, ಹತ್ತಿರ ಬಂದಳು.

"ನಿಮ್ಮಣ್ಣ ಇಲ್ದೆ ಹೋಗಿದ್ರೆ ಕೇಂದ್ರ ಮೊದಲ ತಿಂಗಳೇ ಮುಚ್ತಿತ್ತು," ಎಂದಳು. "ಇಪ್ಪತ್ತು ಜನ ಇದ್ರೆ ಮಾತ್ರ ನಡೆಸಬೇಕು ಅಂತ ನಿಯಮ. ಹತ್ತೊಂಬತ್ತೇ ಜನ ಇದ್ರು. ನಾನು ಮನೆಮನೆ ಸುತ್ತಿದೆ, ಯಾರೂ ಬರ್ಲಿಲ್ಲ. ಇವ್ರೇ ಬಂದು, ನನ್ನ ಹೆಸರು ಬರ್ಕೊಳ್ಳಿ ಅಂದ್ರು."

ತಮ್ಮ ತಲೆಯೆತ್ತಿ ಅವಳನ್ನು ನೋಡಿದ.

"ಆಮೇಲೂ ಅಷ್ಟೇ. ಜನ ಕಡಿಮೆ ಬಿದ್ದಾಗೆಲ್ಲ ಇವ್ರು ಬರೋರು. ಟೈಪಿಂಗು, ಬ್ಯಾಗು ಹೊಲಿಯೋದು, ಎಲ್ಲಾನೂ ಕೂತು ಕಲಿತ್ರು. ರೋಗಿಗಳ ಆರೈಕೆ ಕಲಿಸುವಾಗ ರೋಗಿನೂ ಇವ್ರೇ. ಕೈಕಾಲಿಗೆಲ್ಲ ಪಟ್ಟಿ ಸುತ್ತಿಸ್ಕೊಂಡು ಗೊರಕೆ ಹೊಡೆಯೋರು." ಟೀಚರು ನಗಲು ಹೋದಳು, ಆಗಲಿಲ್ಲ. "ಈಗ ಮತ್ತೆ ಹತ್ತೊಂಬತ್ತು."

ಅವಳು ಹೋದ ಮೇಲೆ ತಮ್ಮ ಮಗಳತ್ತ ತಿರುಗಿದ. ಮಗಳು ಈಗ ಪಕ್ಕದ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಮನೆಯ ಒಲೆ ಉರಿಯುವುದು ಅವಳಿಂದ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಪ್ಪ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ದೊಡ್ಡಪ್ಪ ಬೇಡ ಅಂದ್ರು. ನಿಮ್ಮಪ್ಪಂಗೆ ಗೊತ್ತಾದ್ರೆ, ನನ್ನಿಂದ ಉಪಕಾರ ತಗೊಂಡ ಹಾಗಾಯ್ತು ಅಂತ ನಿನ್ನ ಬಿಡಿಸಿಬಿಡ್ತಾನೆ ಅಂದ್ರು." ಆಮೇಲೆ ಅವಳೇ ಕೇಳಿದಳು, "ಬಿಡಿಸ್ತಿರ್ಲಿಲ್ವಾ ನೀವು?"

ಬಿಡಿಸುತ್ತಿದ್ದೆ ಎಂಬುದು ತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಅಂಗೈಗೆ ಅಂಟಿದ್ದ ಮಣ್ಣನ್ನು ಉಜ್ಜುತ್ತ ಕೂತ. ಆಮೇಲೆ ಭುಜ ಕುಲುಕತೊಡಗಿತು. ಮಗಳು ಪಕ್ಕದಲ್ಲಿ ಕುಳಿತಳು. ಮುಟ್ಟಲಿಲ್ಲ.

*

ಮಧ್ಯಾಹ್ನ ಅತ್ತಿಗೆ, "ನಿನ್ನೆ ನಿಮ್ಮಣ್ಣ ಹೊಲಿಗೆ ಕೇಂದ್ರದಲ್ಲೇ ಬಿಟ್ಟು ಬಂದಿದಾರಂತೆ. ತಂದುಕೊಡಪ್ಪ," ಎಂದು ಕೇಳಿಕೊಂಡಳು. ಕೇಂದ್ರದ ಹೊಸ್ತಿಲನ್ನು ತಮ್ಮ ಮೊದಲ ಬಾರಿಗೆ ದಾಟಿದ.

ಟೀಚರು ಕಿಟಕಿ ಪಕ್ಕದ ಯಂತ್ರ ತೋರಿಸಿದಳು. ಎತ್ತರದ ಮನುಷ್ಯನಿಗಾಗಿ ಮೇಜಿನ ನಾಲ್ಕು ಕಾಲುಗಳಡಿಯೂ ಮರದ ತುಂಡುಗಳಿದ್ದವು. ಪುಟ್ಟ ಮಗುವಿನ ಅಂಗಿಯೊಂದು ಸೂಜಿಯ ಕೆಳಗಿತ್ತು. ಒಂದು ತೋಳು ಕೂಡಿಸಿಯಾಗಿತ್ತು. ಇನ್ನೊಂದು ಅರ್ಧ ಹೊಲಿದು ನಿಂತಿತ್ತು, ಸೂಜಿ ಬಟ್ಟೆಯೊಳಗೇ ಇಳಿದಿತ್ತು.

"ದಾರ ಕತ್ತರಿಸಿ ತಗೊಳ್ಳಿ," ಎಂದು ಟೀಚರು ಕತ್ತರಿ ಕೊಟ್ಟಳು.

ತಮ್ಮ ಸ್ಟೂಲಿನ ಮೇಲೆ ಕೂತ. ಗಾಲಿಯನ್ನು ಮೆಲ್ಲಗೆ ತಿರುಗಿಸಿದ. ಎಣ್ಣೆ ಬಿಟ್ಟ ಯಂತ್ರ ಸದ್ದೇ ಮಾಡದೆ ಸೂಜಿಯನ್ನು ಮೇಲೆತ್ತಿತು. ಬಟ್ಟೆಯನ್ನು ಹಗುರಾಗಿ ಎಳೆದಾಗ, ಹಿಂದೆ ಎರಡು ಬಿಳಿ ದಾರಗಳು ಬಿಗಿಯಾದವು. ಅವನು ಕತ್ತರಿ ಹಿಡಿದ ಕೈಯನ್ನು ದಾರದ ತನಕ ಒಯ್ದ. ಕತ್ತರಿಸದೆ ಹಾಗೇ ಹಿಡಿದು ಕುಳಿತ.