ಮಂದಿ ಭಾಳ ಐತಿ

"ಅಳಸು! ಎಲ್ಲಾ ಅಳಸು!" ಟೆಲಿಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಬಾದಶಹಾ ಒದರಿದ. "ಮಂದಿ ಭಾಳ ಐತಿ ಅಂತಾನ!"

ಧೂಳಪ್ಪ ರಬ್ಬರು ಹಿಡಿದು ಮಂಡಿಯೂರಿದ್ದ. ಗಾದಿಯ ಮುಂದೆ ನೆಲದ ತುಂಬ ತಖ್ತೆ ಹಾಸಿತ್ತು. ಡ್ರಾಯಿಂಗ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಅಡ್ಡ ಉದ್ದ ಗೆರೆ ಎಳೆದು ಅವನೇ ಮಾಡಿದ್ದು. ಚೌಕಗಳ ತುಂಬ ಪೆನ್ಸಿಲ್ಲಿನ ಅಂಕಿಗಳು. ಬಲಗಡೆಯ ಕೊನೆಯ ಸಾಲನ್ನು ಬಿಟ್ಟು ಉಳಿದೆಲ್ಲವನ್ನೂ ಉಜ್ಜತೊಡಗಿದ.

"ಇನ್ನೇನಂದ್ರು?"

"ಏನಂತಾನ, ಲೈನ ಕಟ್ ಆತು." ಬಾದಶಹಾ ಫೋನು ಕುಕ್ಕಿದ. "ಮಂದಿ ಅಂದ ಮ್ಯಾಲ ಇನ್ನೇನ ಕೇಳೂದೈತಿ? ಲಗೂನ ಬರಿ."

ಬಾದಶಹಾ ಜತ್ತದ ಶೇಂಗಾ ವ್ಯಾಪಾರಿ. ಆದರೆ ಅವನ ಜೀವವೆಲ್ಲ ಸಾಂಗಲಿಯ ಅರಿಶಿಣದ ಪೇಟೆಯಲ್ಲಿತ್ತು. ಅಲ್ಲಿ ಅರಿಶಿಣವನ್ನಲ್ಲ, ಅರಿಶಿಣದ ಮೇಲಿನ ಹಕ್ಕನ್ನು ಕೊಳ್ಳಬಹುದಿತ್ತು. ವಾಯಿದೆಯ ದಿನ ಇಂದಿನ ದರದಲ್ಲೇ ಕೊಳ್ಳುವ ಹಕ್ಕು ತೇಜಿ. ಮಾರುವ ಹಕ್ಕು ಮಂದಿ. ಬೀಳುವ ದರಕ್ಕೂ ಪೇಟೆಯವರು ಮಂದಿ ಎಂದೇ ಅನ್ನುತ್ತಿದ್ದರು. ಹಕ್ಕಿಗಾಗಿ ಮುಂಚೆ ಕೊಡುವ ಹಣಕ್ಕೆ ನಜರಾಣಾ. ಎಣಿಕೆ ತಪ್ಪಿದರೆ ಅದಷ್ಟೇ ಹೋಗುತ್ತದೆ. ಸರಕಾರ ಇಂಥ ವ್ಯಾಪಾರವನ್ನು ಒಪ್ಪುತ್ತಿರಲಿಲ್ಲವಾದ್ದರಿಂದ ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತಿತ್ತು.

ನಜರಾಣಾ ಎಷ್ಟಿರಬೇಕು? ಪೇಟೆಯವರು ಗಿರಾಕಿಯ ಹುಬ್ಬು ನೋಡಿ ಹೇಳುತ್ತಿದ್ದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದು ಅಂಗಡಿಯ ಲೆಕ್ಕ ಬರೆಯುತ್ತಿದ್ದ ಧೂಳಪ್ಪನಿಗೆ ಅದನ್ನು ತಡೆಯಲಾಗಲಿಲ್ಲ. ಅವನು ಕೊನೆಯ ದಿನದಿಂದ ಹಿಂದಕ್ಕೆ ನಡೆಯುತ್ತಿದ್ದ. ನಾಳೆ ದರ ಏರಿದರೆ ಹಕ್ಕಿನ ಬೆಲೆ ಇಷ್ಟು, ಇಳಿದರೆ ಇಷ್ಟು. ಪೇಟೆ ಯಾವ ಕಡೆ ವಾಲಿದೆಯೋ ಆ ಕಡೆಗೆ ತುಸು ಹೆಚ್ಚು ತೂಕ ಕೊಟ್ಟು, ಎರಡನ್ನೂ ಕೂಡಿಸಿ ಇಂದಿನ ಚೌಕ ತುಂಬುವುದು. ಹೀಗೆ ಒಂದೊಂದೇ ಚೌಕ ಹಿಂದೆ ಬಂದರೆ ಎಡತುದಿಯಲ್ಲಿ ಈ ಕ್ಷಣದ ಬೆಲೆ. ಮೇಲಿನ ಮೂಲೆಯ ಒಂಟಿ ಚೌಕದಲ್ಲಿ 'ವಾಲು' ಎಂದು ಬರೆದಿದ್ದ. ಅಲ್ಲಿಯ ಒಂದು ಅಂಕಿ ಬದಲಾದರೆ ಇಡೀ ತಖ್ತೆ ಬದಲಾಗಬೇಕು.

ವಾಲಿನ ಚೌಕದಲ್ಲಿ ಇಳಿಮುಖದ ಅಂಕಿ ಬರೆದ. ರಬ್ಬರಿನ ಕಸವನ್ನು ಊದಿದ. ಗುಣಿಸಿದ, ಕೂಡಿಸಿದ, ಬೆವರಿದ. ಒಳಗಿನಿಂದ ಊಟಕ್ಕೆ ಕರೆದ ಬಾದಶಹಾನ ಹೆಂಡತಿ ರಹಿಮಾ, "ಆ ಹುಡಗಗರೆ ಬಿಡ್ರಿ. ಕಾಗದಾನ ತಿಂದಾನು," ಎಂದಳು. ಯಾರೂ ಏಳಲಿಲ್ಲ.

"ಮಂದಿ ಹಚ್ರಿ, ಸಾವಕಾರ್ರ," ಎಂದ ಧೂಳಪ್ಪ ಕೊನೆಗೆ. "ಅವರು ಕೇಳೂ ನಜರಾಣಾ ಸೋವಿ ಐತಿ."

ಮತ್ತೆ ಟ್ರಂಕ್ ಕಾಲ್ ಹಚ್ಚಿದರು. ಸಾಂಗಲಿಯಿಂದ ಮೊದಲೂ ಈಗಲೂ ಮಾತಾಡಿದವನು ಬಾದಶಹಾನ ಹೆಂಡತಿಯ ತಮ್ಮ ನಿಜಾಮುದ್ದೀನ. ಮಂದಿ ಹಚ್ಚು ಅಂದಾಗ ಅವನು "ಖರೇನ?" ಎಂದು ಒಮ್ಮೆ ಕೇಳಿದ. "ತಖ್ತೆ ಹೇಳತೈತಿ" ಎಂದ ಮೇಲೆ ಹಚ್ಚಿದ.

ಎರಡು ದಿನ ಬಿಟ್ಟು ಸೋನ್ಯಾಳದಿಂದ ಧೂಳಪ್ಪನ ಅಪ್ಪ ಶಿದ್ರಾಯ ಬಂದ. ಅಂಗಡಿಯ ಹೊಸ್ತಿಲಲ್ಲೇ ನಿಂತ.

"ಇದೇನ ಹಾಸಗ್ಯೊ?"

"ತುಳಿಬ್ಯಾಡಪ್ಪಾ!"

"ತುಳೀದಿಲ್ಲ ಬಿಡು. ಕುರಿ ಹೊರಗ ಬಿಟ್ಟ ಬಂದೀನಿ." ಶಿದ್ರಾಯ ಕೆರ ಕಳೆದು ಅಂಚಿನಲ್ಲಿ ಕೂತ. "ಮುಚ್ಚಂಡಿ ಸಾಲಿ ಹೆಡ್‌ಮಾಸ್ತರ ಬಸ್ಸಿನ್ಯಾಗ ಸಿಕ್ಕಿದ್ದ. ಸೋಮವಾರ ತನಕಾ ನಿನ್ನ ದಾರಿ ನೋಡತಾನಂತ. ಆಮ್ಯಾಲ ಮತ್ತೊಬ್ಬ ಮಾಸ್ತರನ್ನ ತಗೋತಾನಂತ."

"ಸೋಮವಾರನ ಇದರ ವಾಯಿದೆ ತೀರತೈತಿ. ಇದು ಖರೇ ಆದ್ರ ನಾ ಇಲ್ಲೇ. ಸುಳ್ಳಾದ್ರ ಮುಚ್ಚಂಡಿ."

"ಖರೇ ಆದ್ರ ಏನ ಸಿಗತೈತಿ?"

ಧೂಳಪ್ಪನಿಗೆ ಸಿಗುವುದೇನೂ ಬೇಕಿರಲಿಲ್ಲ. ಖರೇ ಆಗುವುದೇ ಬೇಕಾಗಿತ್ತು. ಈ ಗದ್ದಲವನ್ನೆಲ್ಲ ಚೌಕದಲ್ಲಿ ಕೂಡಿಸಬಹುದು ಎಂದು ಒಂದೇ ಒಂದು ಸಲ ತಿಳಿದರೆ ಸಾಕಾಗಿತ್ತು. ಅದನ್ನು ಅಪ್ಪನಿಗೆ ಹೇಗೆ ಹೇಳುವುದು? ಬೀಡಿ ಕೇಳಿದ. ಅಪ್ಪ ಕೊಡಲಿಲ್ಲ.

ಅರಿಶಿಣದ ದರ ಬಿತ್ತು. ಮರುದಿನ ಇನ್ನಷ್ಟು. ಧೂಳಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ನಿಂತವರನ್ನು ಎಣಿಸಿದ, ಬಾಲಗಾಂವದ ಬಸ್ಸಿಗೆ ಎಷ್ಟು ಜನ ಹತ್ತಿಯಾರೆಂದು ಮನಸ್ಸಿನಲ್ಲೇ ಪಣ ಕಟ್ಟಿದ, ಬಸ್ಸು ಬರುವ ಮೊದಲೇ ಎದ್ದು ಹೋದ. ಕಿಟಕಿಯ ಸರಳು, ಹಂಚಿನ ಸಾಲು, ಹೊಲದ ಬದು, ಎಲ್ಲೆಲ್ಲೂ ಚೌಕ. ತುಂಬದೆ ಬಿಟ್ಟ ಚೌಕ ಕಂಡರೆ ಕೈ ಕಡಿಯುತ್ತಿತ್ತು.

ಸೋಮವಾರ ನಿಜಾಮುದ್ದೀನ ಪೇಢೆಯ ಪೊಟ್ಟಣ ಹಿಡಿದು ಬಸ್ಸಿನಿಂದ ಇಳಿದ. ಬಾದಶಹಾ ಅವನನ್ನು ಅಂಗಡಿಯೊಳಗೆ ತಬ್ಬಿಕೊಂಡ.

"ಬಾರೊ ಮಾವನ ಮಗನ! ಎಂಥಾ ಸುದ್ದಿ ಕೊಟ್ಟಿ!"

"ನಾ ಏನ ಕೊಟ್ಟೆ, ದೂಲೇಭಾಯಿ? ನಾ ಹೇಳಿದ್ದ ಒಂದು, ನೀವು ಮಾಡಿದ್ದ ಒಂದು. ಈ ಧೂಳಪ್ಪನ ಕಾಗದಾನ ದೊಡ್ಡದು."

"ನೀನ ಅಂದೆಲಾ, ಮಂದಿ ಭಾಳ ಐತಿ ಅಂತ."

"ಇತ್ತು! ಗುಜರಾತದಿಂದ ಖರೀದಿಗೆ ಬಂದಿದ್ರು. ನಿಲ್ಲಾಕ ಜಾಗಾ ಇದ್ದಿಲ್ಲ. ಮಂದಿ ಭಾಳ ಐತಿ, ದರ ಏರತೈತಿ ಅನ್ನೂದರಾಗ ಲೈನ ಹೋತು."

ಧೂಳಪ್ಪ ಬಾಯಿಗೆ ಒಯ್ದ ಪೇಢೆಯನ್ನು ಕೆಳಗಿಟ್ಟ. "ಮಂದಿ ಅಂದ್ರ... ಜನಾ?"

"ಮತ್ತೇನ, ಎಮ್ಮಿ? ಸುತ್ತ ಎಲ್ಲಾ ಮರಾಠಿಯವರು ನಿಂತಿದ್ರು. ತಿಳೀಬಾರದಂತ ಕನ್ನಡದಾಗ ಮಾತಾಡಿದೆ."

ಬಾದಶಹಾ ಹೊಟ್ಟೆ ಹಿಡಿದು ನಕ್ಕ. ರಹಿಮಾ ಪರದೆಯ ಹಿಂದೆ ನಕ್ಕಳು.

"ಹಂಗಾದ್ರ ದರ ಯಾಕ ಬಿತ್ತು?" ಧೂಳಪ್ಪ ಕೇಳಿದ.

"ಅದನ್ನ ಕೇಳಬ್ಯಾಡ. ಲೈನ ಸರಿ ಇದ್ದಿಲ್ಲ, ಗಂಟಲ ಹರದ ಒದರಿದೆ. ಆ ಮರಾಠಿಯವರಿಗೆ ತಿಳಿದದ್ದು ಮಂದಿ ಅನ್ನೂದೊಂದ ಮಾತು! ಜತ್ತದವನಿಗೆ ಏನೋ ಒಳಗಿನ ಸುದ್ದಿ ಸಿಕ್ಕೈತಿ ಅಂತ ಒಬ್ಬ ಮಾರಿದ, ಅವನ್ನ ನೋಡಿ ಇನ್ನೊಬ್ಬ ಮಾರಿದ. ಗುಜರಾತದವರೂ ಕೈ ಹಿಂದ ತಗೊಂಡ್ರು."

ಧೂಳಪ್ಪ ತಖ್ತೆ ಬಿಚ್ಚಿದ. ವಾಲಿನ ಚೌಕವನ್ನು ಅಳಿಸಿ ಏರುಮುಖದ ಅಂಕಿ ಬರೆದ. ಅವತ್ತು ಬರೆಯಬೇಕಾಗಿದ್ದ ಅಂಕಿ. ಬಲದಿಂದ ಎಡಕ್ಕೆ ಚೌಕಗಳನ್ನು ತುಂಬುತ್ತ ಬಂದ. ಅವರು ಮಾತಾಡುತ್ತಲೇ ಇದ್ದರು. ತಖ್ತೆ ತೇಜಿ ಹಚ್ಚು ಎಂದಿತು. ಹಚ್ಚಿದ್ದರೆ ನಜರಾಣಾ ಮುಳುಗುತ್ತಿತ್ತು. ಗೆರೆಗಳಲ್ಲಿ ತಪ್ಪಿರಲಿಲ್ಲ, ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ಒಬ್ಬ ಮನುಷ್ಯ ಗಂಟಲು ಹರಿದು ಒದರುವುದಕ್ಕೆ ಮಾತ್ರ ಎಲ್ಲೂ ಚೌಕವಿರಲಿಲ್ಲ.

ಬಾದಶಹಾನ ನಗು ನಿಂತಿತ್ತು. ಅವನು ಧೂಳಪ್ಪನನ್ನೇ ನೋಡುತ್ತಿದ್ದ.

"ಧೂಳಪ್ಪಾ, ಇಲ್ಲಿ ಬಾ. ಗಾದಿ ಮ್ಯಾಲ ಕುಂದ್ರು."

"ಇಲ್ಲೇ ಚಲೋ ಅದೀನ್ರಿ."

"ಪಾಲುದಾರ ಅಂತ ಅಂಗಡಿ ಹೆಸರಿನ ಫಳಿ ಮ್ಯಾಲ ನಿನ್ನ ಹೆಸರ ಬರಸ್ತೀನಿ. ತಖ್ತೆ ಸುತ್ತಿ ಅಟ್ಟದ ಮ್ಯಾಲ ಒಗಿ. ಇನ್ನ ಮ್ಯಾಲ ನೀ ಅಂಕಿ ಬರಿಯೂದ ಬ್ಯಾಡ. ಇವ ಫೋನಿನ್ಯಾಗ ಏನ ಒದರಬೇಕು, ಯಾವಾಗ ಒದರಬೇಕು, ಅಷ್ಟ ಹೇಳು. ಮೊದಲ ನಾವು ಹಚ್ಚೂದು, ಆಮ್ಯಾಲ ಇವ ಒದರೂದು. ಬೇಕಾದಂಗ ಪೇಟೆ ವಾಲತೈತಿ. ತಪ್ಪೂ ಮಾತ ಇಲ್ಲ!"

"ದೂಲೇಭಾಯಿ, ನನ್ನ ಗಂಟಲಕ್ಕೂ ಒಂದ ಪಾಲ ಇಡ್ರಿ," ಎಂದ ನಿಜಾಮುದ್ದೀನ.

ಬಾದಶಹಾ ಲೋಡು ಸರಿಸಿ ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಬಡಿದ. "ಬಾರಪಾ. ನಿನ್ನ ಅಪ್ಪಗ ನಾನ ಹೇಳತೀನಿ, ಖರೇ ಆತು ಅಂತ."

"ಒಲ್ಲೆ," ಎಂದ ಧೂಳಪ್ಪ.